ಮೂರನೇ ಸಲ ಅದೇ ಟ್ಯೂಬ್ ಕೇಳಿದರೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಡಿ.ಫಾರ್ಮಾ ಓದಿದವನು, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಆಟೋ ಡ್ರೈವರ್, ನಲವತ್ತೈದರ ಆಸುಪಾಸಿನವರು, ಎರಡು ತಿಂಗಳಿಂದ ಹತ್ತು ಹನ್ನೆರಡು ದಿನಕ್ಕೊಮ್ಮೆ ಬಂದು ಬಾಯಿ ಹುಣ್ಣಿನ ಜೆಲ್, ಬಿ ಕಾಂಪ್ಲೆಕ್ಸ್ ಮಾತ್ರೆ ಒಯ್ಯುತ್ತಾರೆ. ಕೇಳಿದರೆ "ಉಷ್ಣ ಆಗೇತ್ರಿ" ಅಂತಾರೆ. ಗುಟ್ಕಾ ಚಟ ಇದೆ. ನನಗೆ ಒಳಗೊಳಗೇ ಅನುಮಾನ. ಆದರೆ ನಾನು ಡಾಕ್ಟರ್ ಅಲ್ಲ. ಸುಮ್ನೆ ಹೆದರಿಸಿದ ಹಾಗೆ ಆಗಬಾರದು, ಅವರು ಬೇಜಾರಾಗಿ ಪಕ್ಕದ ಅಂಗಡಿಗೆ ಹೋಗಲೂಬಾರದು. ಇಂಥವರಿಗೆ ಏನು ಹೇಳಬೇಕು? ಇನ್ನೂ ಯಾವ ಯಾವ ಲಕ್ಷಣಕ್ಕೆ ನಮ್ಮಂಥವರು ಎಚ್ಚರ ಆಗಬೇಕು?

ಉತ್ತರ: ಮೊದಲು ಆ ಆಟೋ ಡ್ರೈವರ್ ವಿಷಯ ಹೇಳಿಬಿಡುತ್ತೇನೆ. ಅವರನ್ನು ಈ ವಾರವೇ ನಿಮ್ಮ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿ. ಈಗಿನ ಟ್ಯೂಬ್ ಮುಗಿಯಲಿ ಅಂತ ಕಾಯಬೇಡಿ. ಸಾಮಾನ್ಯ ಬಾಯಿ ಹುಣ್ಣು ಒಂದು ವಾರಕ್ಕೆ, ಹೆಚ್ಚೆಂದರೆ ಎರಡು ವಾರಕ್ಕೆ ತಾನೇ ಮಾಯುತ್ತದೆ. ಜೆಲ್ ಹಚ್ಚಿದರೂ ಮಾಯುತ್ತದೆ, ಹಚ್ಚದಿದ್ದರೂ ಮಾಯುತ್ತದೆ. ಒಂದೇ ಜಾಗದಲ್ಲಿ ಮೂರು ವಾರ ದಾಟಿ ನಿಂತ ಹುಣ್ಣು, ಅದೂ ಗುಟ್ಕಾ ಹಾಕುವವರ ಬಾಯಲ್ಲಿ, ಬೇರೆ ಏನೋ ಅಂತ ಖಾತ್ರಿ ಆಗುವ ತನಕ ನಾವು ಅದನ್ನು ಕ್ಯಾನ್ಸರ್ ಅನುಮಾನದಿಂದಲೇ ನೋಡುತ್ತೇವೆ. ಇವರಿಗೆ ಎರಡು ತಿಂಗಳಾಗಿದೆ. "ಹುಣ್ಣು ಪ್ರತಿ ಸಲ ಅದೇ ಜಾಗದಲ್ಲಾ, ಅಥವಾ ಒಮ್ಮೆ ಅಲ್ಲಿ ಒಮ್ಮೆ ಇಲ್ಲಿಯಾ?" ಅಂತ ಒಂದು ಮಾತು ಕೇಳಿ. ಜಾಗ ಬದಲಾಗುತ್ತಾ, ಬಂದು ಹೋಗುತ್ತಾ ಇದ್ದರೆ ಚಿಂತೆ ಸ್ವಲ್ಪ ಕಡಿಮೆ. ಅದೇ ಜಾಗ ಅಂದರೆ ತಡ ಮಾಡುವ ಹಾಗಿಲ್ಲ.

ಇನ್ನು "ನಾನು ಡಾಕ್ಟರ್ ಅಲ್ಲ" ಅಂದಿರಲ್ಲ, ಅದಕ್ಕೆ ಬರುತ್ತೇನೆ.

ನಾನು ಬಾಯಿ, ಗಂಟಲು ಕ್ಯಾನ್ಸರ್‌ಗೆ ಆಪರೇಷನ್ ಮಾಡುವವನು. ಹೊಸ ಪೇಷೆಂಟ್ ಬಂದಾಗ "ಇಷ್ಟು ದಿನ ಏನು ಹಚ್ಚಿದಿರಿ?" ಅಂತ ಕೇಳುವುದು ನನ್ನ ರೂಢಿ. ಕೆಲವು ವರ್ಷದ ಹಿಂದೆ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದರು. ನಾನು ಹೀಗೆ ಕೇಳಿದ ಕೂಡಲೇ ಅವರ ಹೆಂಡತಿ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಎಲ್ಲಾ ಖಾಲಿ ಟ್ಯೂಬುಗಳು. ಹಲ್ಲುಜ್ಜುವ ಪೇಸ್ಟನ್ನು ಬಡವರ ಮನೆಯಲ್ಲಿ ಕೊನೆಗೆ ಹೇಗೆ ಹಿಂಡುತ್ತಾರೋ ಹಾಗೆ ಒಂದೊಂದನ್ನೂ ಬುಡದಿಂದ ಸುತ್ತಿ ಸುತ್ತಿ ಹಿಂಡಿದ್ದರು. ಎಣಿಸಿದೆ. ಹನ್ನೊಂದಿದ್ದವು. ಜೊತೆಗೆ ಬಿ ಕಾಂಪ್ಲೆಕ್ಸಿನ ಖಾಲಿ ಸ್ಟ್ರಿಪ್‌ಗಳು. ಐದು ತಿಂಗಳ ಲೆಕ್ಕ ಅದು. ಆ ಐದು ತಿಂಗಳಲ್ಲಿ ಅವರು ಒಬ್ಬ ಡಾಕ್ಟರನ್ನೂ ನೋಡಿರಲಿಲ್ಲ. ಹನ್ನೊಂದೂ ಒಂದೇ ಅಂಗಡಿಯಲ್ಲಿ ಕೊಂಡದ್ದು. ಆ ಅಂಗಡಿಯವರು ಕೆಟ್ಟವರಲ್ಲ. ಪ್ರತಿ ಸಲವೂ "ಕಡಿಮೆ ಆಯ್ತಾ?" ಅಂತ ವಿಚಾರಿಸಿಯೇ ಕೊಟ್ಟಿದ್ದಾರೆ. ಅಷ್ಟರಲ್ಲಿ ಹುಣ್ಣು ಕೆನ್ನೆಯಿಂದ ದವಡೆ ಮೂಳೆಗೆ ಇಳಿದಿತ್ತು. ಮೂಳೆ ತೆಗೆಯಬೇಕಾಯಿತು. ಕಾಲಿನ ಮೂಳೆ ತಂದು ದವಡೆ ಕಟ್ಟಿದೆವು, ಆಮೇಲೆ ರೇಡಿಯೇಷನ್ ಕೊಟ್ಟೆವು.

ಆ ಹನ್ನೊಂದು ಟ್ಯೂಬ್ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಯಾಕೆ ಅಂದರೆ, ಕಾಯಿಲೆಗೆ ಸಾಕ್ಷಿ ಇದ್ದದ್ದು ಆ ಅಂಗಡಿಯಲ್ಲಿ ಮಾತ್ರ. ನನ್ನ ಹತ್ತಿರ ಬರುವಷ್ಟರಲ್ಲಿ ಹುಣ್ಣು ನೋಡಿದರೆ ಯಾರಿಗಾದರೂ ಗೊತ್ತಾಗುವಂತಿತ್ತು. ಎರಡನೇ ತಿಂಗಳಲ್ಲಿ ಗೊತ್ತಾಗಬಹುದಾದ್ದು ಟ್ಯೂಬ್ ಕೊಟ್ಟವರಿಗೆ. ಡಾಕ್ಟರ್ ಒಬ್ಬ ರೋಗಿಯನ್ನು ಒಂದು ದಿನ ಐದು ನಿಮಿಷ ನೋಡುತ್ತಾರೆ. ನೀವು ಅದೇ ಮನುಷ್ಯನನ್ನು ಹತ್ತು ದಿನಕ್ಕೊಮ್ಮೆ ನೋಡುತ್ತೀರಿ. ಅದೇ ಔಷಧಿ ಮತ್ತೆ ಮತ್ತೆ ಹೋಗುತ್ತಿದೆ ಅನ್ನುವುದು ನಿಮಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ, ಮನೆಯವರಿಗೆ ಕಂಡರೂ ಅದರ ಅರ್ಥ ಹೊಳೆಯುವುದಿಲ್ಲ. ಹಾಗಾಗಿ ನಾನು ನಿಮ್ಮಿಂದ ಕೇಳುವುದು ರೋಗ ಕಂಡುಹಿಡಿಯಿರಿ ಅಂತಲ್ಲ. ಎಣಿಸಿ ಅಂತ. ಒಂದೇ ತೊಂದರೆಗೆ ಒಂದೇ ಔಷಧಿ ಮೂರನೇ ಸಲ ಕೇಳಿದರೆ, ಅದನ್ನು ಕೊಡುವ ಮೊದಲು ಕೈ ತಡೆದು ಮಾತಾಡಿ. ಇಡೀ ಉತ್ತರದಲ್ಲಿ ಇದೊಂದನ್ನು ಇಟ್ಟುಕೊಂಡರೂ ಸಾಕು.

ಡಾಕ್ಟರ್ ಅಲ್ಲದವರಿಂದ ಇದು ಆಗುತ್ತದಾ ಅನ್ನುವ ಅನುಮಾನಕ್ಕೆ ನಮ್ಮ ಪಕ್ಕದ ಕೇರಳದಲ್ಲೇ ಉತ್ತರ ಇದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ವೈದ್ಯಕೀಯ ಓದದ, ಸಾಮಾನ್ಯ ಪದವಿ ಮಾಡಿದವರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರು ಮಾಡಿದ್ದು ಬೆಳಕು ಬಿಟ್ಟು ಬಾಯಿ ನೋಡುವುದು, ಅನುಮಾನ ಬಂದರೆ ಡಾಕ್ಟರ್ ಹತ್ತಿರ ಕಳಿಸುವುದು, ಅಷ್ಟೇ. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಶೇಕಡಾ 34ರಷ್ಟು ಕಡಿಮೆ ಆಗಿತ್ತು. ಟಾರ್ಚ್ ಬೆಳಕಿಗೆ ಅಷ್ಟು ಬೆಲೆ. ನೀವಂತೂ ಎರಡು ವರ್ಷ ಔಷಧಿ ಓದಿದವರು, ಹದಿನಾಲ್ಕು ವರ್ಷ ಜನ ನೋಡಿದವರು.

ಹೊರದೇಶದಲ್ಲೂ ಇದೇ ಯೋಚನೆ ನಡೆದಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ, ಔಷಧಿ ಅಂಗಡಿಯವರು ಅನುಮಾನ ಬಂದವರನ್ನು ನೇರವಾಗಿ ಪರೀಕ್ಷೆಗೆ ಕಳಿಸುವ ಪ್ರಯೋಗ ಮಾಡುತ್ತೇವೆ ಅಂತ 2022ರಲ್ಲಿ ಘೋಷಿಸಿತು. ನಮ್ಮಲ್ಲಿ ಹಾಗೆ ಬರೆದು ಕಳಿಸುವ ದಾರಿ ಇನ್ನೂ ಇಲ್ಲ. ಆದರೆ ಭಾರತದ ಫಾರ್ಮಸಿ ಕೌನ್ಸಿಲ್ 2015ರಲ್ಲಿ ತಂದ ನಿಯಮಗಳಲ್ಲಿ ರೋಗಿಗೆ ತಿಳಿವಳಿಕೆ ಹೇಳುವುದೂ ಫಾರ್ಮಸಿಸ್ಟ್ ಕೆಲಸ ಅಂತ ಇದೆ. ಹಾಗಾಗಿ ಮಾತಾಡುವುದು ಅಧಿಕಪ್ರಸಂಗ ಅಂತ ಅಂದುಕೊಳ್ಳಬೇಡಿ. ಅದು ನಿಮ್ಮ ಕೆಲಸವೇ.

ಈಗ ಬಾಯಿ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆ ಅಂದರೆ ನಿಮ್ಮ ಕಡೆ ಜಾಸ್ತಿ ಸಿಗುವುದು ಇದೇ. 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಹೊಸದಾಗಿ ಸುಮಾರು 14 ಲಕ್ಷ ಜನರಿಗೆ ಕ್ಯಾನ್ಸರ್ ಬರುತ್ತದೆ. ಅದರಲ್ಲಿ ಸುಮಾರು 1.4 ಲಕ್ಷ ತುಟಿ ಮತ್ತು ಬಾಯಿಯದು. ನಮ್ಮ ದೇಶದ ಗಂಡಸರಲ್ಲಿ ಇದಕ್ಕೇ ಮೊದಲ ಸ್ಥಾನ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ ಆಗಿ ಮಾರಾಟ ಶುರುವಾಯಿತು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದನ್ನು ನೀವು ದಿನಾ ನೋಡುತ್ತೀರಿ.

"ನಾನು ತಂಬಾಕು ಹಾಕಲ್ಲ, ಬರೀ ಅಡಿಕೆ" ಅನ್ನುವವರೂ ಸಿಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ನಮ್ಮ ಎಷ್ಟೋ ಮನೆಗಳ ಅನ್ನ, ಅದು ನನಗೆ ಗೊತ್ತು. ಆದರೂ ದಿನವಿಡೀ ಅಡಿಕೆ ಅಗಿಯುವವರ ಬಾಯಿ ಬಿಗಿಯುವುದನ್ನು ನೋಡುತ್ತಾ ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಬಾಯಿ ಬಿಗಿಯುವುದು ಅಂದೆನಲ್ಲ, ಅದು ಹುಣ್ಣಿಗಿಂತ ಎಷ್ಟೋ ಮೊದಲು ಬರುವ ಸೂಚನೆ. ಕೆನ್ನೆಯ ಒಳಪದರ ಗಟ್ಟಿಯಾಗಿ, ಹಗ್ಗದ ಎಳೆಯಂತೆ ಆಗುತ್ತದೆ. ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ನೋಡುವುದು ಸುಲಭ. ಅವರದೇ ಕೈಯ ಮೂರು ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು, ಒಟ್ಟಿಗೆ ಜೋಡಿಸಿ ಒಂದರ ಮೇಲೊಂದು ಬರುವ ಹಾಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮಧ್ಯೆ ಇಡಲು ಹೇಳಿ. ಮೂರೂ ಹೋದರೆ ಸರಿ. ಎರಡೇ ಹೋಗುತ್ತದೆ ಅಂದರೆ ಅವರು ಹಲ್ಲಿನ ಡಾಕ್ಟರ್ ನೋಡಲೇಬೇಕು. ಇಂಥವರು ಅಂಗಡಿಗೆ ಬಂದು "ಬಾಯಿ ಬಿಗಿದಿದೆ" ಅನ್ನುವುದಿಲ್ಲ. "ಖಾರ ತಿನ್ನಾಕ ಆಗವಲ್ದರಿ" ಅನ್ನುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯ ಮನುಷ್ಯ ಖಾರ ಬಿಟ್ಟು ಮೊಸರನ್ನಕ್ಕೆ ಇಳಿದಿದ್ದಾನೆ ಅಂದರೆ ಅದನ್ನು ಸಣ್ಣ ಮಾತು ಅಂತ ಬಿಡಬೇಡಿ.

ಹುಣ್ಣು ಸಾಮಾನ್ಯವಾಗಿ ಇರುವುದು ತಂಬಾಕು ಇಟ್ಟುಕೊಳ್ಳುವ ಜಾಗದಲ್ಲಿ, ಅಂದರೆ ಕೆನ್ನೆಗೂ ಒಸಡಿಗೂ ಮಧ್ಯದ ಸಂದಿನಲ್ಲಿ, ಇಲ್ಲವೇ ನಾಲಿಗೆಯ ಪಕ್ಕದಲ್ಲಿ. ಹುಣ್ಣೇ ಇರಬೇಕು ಅಂತಿಲ್ಲ. ಒರೆಸಿದರೂ ಹೋಗದ ಬಿಳಿ ಮಚ್ಚೆ ಇರಬಹುದು. ವೆಲ್ವೆಟ್ ಬಟ್ಟೆಯಂಥ ಕೆಂಪು ಮಚ್ಚೆ ಇದ್ದರೆ ಅದು ಬಿಳಿಯದಕ್ಕಿಂತ ಹೆಚ್ಚು ಅಪಾಯದ್ದು. ಹಲ್ಲು ಕೀಳಿಸಿದ ಜಾಗ ತಿಂಗಳಾದರೂ ಕೂಡಿಕೊಂಡಿಲ್ಲ, ಕಾರಣ ಇಲ್ಲದೆ ಹಲ್ಲು ಅಲ್ಲಾಡುತ್ತಿದೆ, ಒಂದೇ ಕಡೆ ಕಿವಿ ನೋವು ಅಂತ ಡ್ರಾಪ್ಸ್ ಕೇಳುತ್ತಿದ್ದಾರೆ, ಆದರೆ ಕಿವಿಯಲ್ಲಿ ಏನೂ ಇಲ್ಲ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿದೆ: ಇವೂ ಬಾಯಿ ಗಂಟಲಿನ ಕಡೆಗೇ ಬೆರಳು ತೋರಿಸುತ್ತವೆ.

ನೋವಿನ ಬಗ್ಗೆ ಒಂದು ಮಾತು. ನಮ್ಮ ಜನ ನೋವಿಲ್ಲ ಅಂದರೆ ಏನಿಲ್ಲ ಅಂತಲೇ ತಿಳಿಯುತ್ತಾರೆ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ನೋಯುವುದೇ ಇಲ್ಲ ಅನ್ನಬಹುದು. ಚುರುಚುರು ನೋಯುವ ಪುಟ್ಟ ಹುಣ್ಣೇ ಎಷ್ಟೋ ಸಲ ನಿರಪಾಯದ್ದು. "ನೋವೇನಿಲ್ರಿ, ಸುಮ್ನ ಐತಿ" ಅಂದರೆ ನಿಮ್ಮ ಅನುಮಾನ ಜಾಸ್ತಿ ಆಗಬೇಕು. ಇನ್ನು ನಾವು ಕೊಡುವ ಜೆಲ್‌ಗಳಲ್ಲಿ ಮರಗಟ್ಟಿಸುವ ಔಷಧಿ ಇರುತ್ತದೆ, ಕೆಲವು ಪೇಸ್ಟ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದಾಗ ಉರಿ ಇಳಿಯುತ್ತದೆ, ಕೆಂಪು ಕಡಿಮೆ ಆಗುತ್ತದೆ. ಗುಣ ಆಗುತ್ತಿದೆ ಅನ್ನಿಸುತ್ತದೆ. ಅಡಿಯಲ್ಲಿ ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಬಾಯಿ ತೋರಿಸಿ ಅಂತ ನೀವು ಕೇಳಬಹುದಾ? ಕೇಳಬಹುದು. ಪಕ್ಕಕ್ಕೆ ಕರೆದು, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೆರಳು ಹಾಕಬೇಡಿ, ಮುಟ್ಟಬೇಡಿ. ಆದರೆ ನೋಡಿದಾಗ ಸಣ್ಣದಾಗಿ ಕಂಡಿತು, ಅಂಥದ್ದೇನಿಲ್ಲ ಅಂತ ನೀವೇ ತೀರ್ಮಾನ ಮಾಡಿ ಕಳಿಸಬೇಡಿ. ನಿಮಗೆ ಲೆಕ್ಕ ಆಗಬೇಕಾದ್ದು ಹುಣ್ಣಿನ ರೂಪಕ್ಕಿಂತ ಅದರ ವಯಸ್ಸು.

ನಿಮ್ಮ ಎರಡನೇ ಪ್ರಶ್ನೆ, ಬೇರೆ ಲಕ್ಷಣಗಳು. ಇಲ್ಲಿ ಒಂದು ತೊಡಕಿದೆ. ಜನ ಕೌಂಟರ್‌ಗೆ ಲಕ್ಷಣ ಹೊತ್ತು ತರುವುದಿಲ್ಲ, ಹೆಸರು ಹೊತ್ತು ತರುತ್ತಾರೆ. ಬಾಯಲ್ಲಿ ಏನೇ ಆದರೂ ಉಷ್ಣ. ಹೊಟ್ಟೆಯಲ್ಲಿ ಏನೇ ಆದರೂ ಗ್ಯಾಸ್ಟ್ರಿಕ್. ಕೆಳಗಿನಿಂದ ರಕ್ತ ಹೋದರೆ ಮೂಲವ್ಯಾಧಿ. ನಲವತ್ತೈದು ದಾಟಿದ ಹೆಂಗಸರಿಗೆ ರಕ್ತ ಹೋದರೆ "ಮುಟ್ಟು ನಿಲ್ಲೋ ಕಾಲ". ಹೆಸರು ಸಿಕ್ಕಿದ ಮೇಲೆ ಔಷಧಿಯೂ ಅವರಿಗೆ ಗೊತ್ತು, ಕೇಳಿ ಪಡೆಯುತ್ತಾರೆ. ಎಂಟು ಜನರಲ್ಲಿ ಏಳು ಜನರಿಗೆ ಆ ಹೆಸರು ಸರಿಯೇ ಇರಬಹುದು. ಎಂಟನೆಯವರು ಯಾರು ಅಂತ ತಿಳಿಯಲು ಹೆಸರಿನ ಹಿಂದೆ ಏನಿದೆ ಅಂತ ಕೇಳಬೇಕು.

ಗ್ಯಾಸ್ಟ್ರಿಕ್ ತೆಗೆದುಕೊಳ್ಳಿ. ಪ್ಯಾಂಟಾಪ್ರಜೋಲ್ ಸ್ಟ್ರಿಪ್ ಈಗ ಕಡಲೆ ಮಿಠಾಯಿಯಂತೆ ಹೋಗುತ್ತದೆ. ಅದು ಆಸಿಡ್ ಇಳಿಸುವುದರಿಂದ ಹೊಟ್ಟೆ ಕ್ಯಾನ್ಸರ್ ಇದ್ದರೂ ಕೆಲ ಕಾಲ ಹಾಯೆನಿಸುತ್ತದೆ, ಅದೇ ಅಪಾಯ. ಐವತ್ತರ ಸುಮಾರಿನವರು ಮೊದಲ ಬಾರಿ ಈ ತೊಂದರೆ ಶುರುವಾಗಿ ತಿಂಗಳುಗಟ್ಟಲೆ ಒಯ್ಯುತ್ತಿದ್ದರೆ ಮೂರು ವಿಷಯ ಕೇಳಿ. ತೂಕ ಇಳಿದಿದೆಯಾ? ಮಲ ಡಾಂಬರಿನ ಹಾಗೆ ಕಪ್ಪಾಗಿದೆಯಾ? ನುಂಗುವಾಗ ಸಿಕ್ಕಿಕೊಳ್ಳುತ್ತದಾ? ಮಲ ಕಪ್ಪಾಗುವುದು ಕಬ್ಬಿಣದ ಮಾತ್ರೆಯಿಂದಲೂ ಆಗುತ್ತದೆ, ಅದನ್ನು ಕೊಟ್ಟದ್ದು ನೀವೇ ಆದ್ದರಿಂದ ನಿಮಗೆ ಗೊತ್ತಿರುತ್ತದೆ. ನುಂಗುವ ತೊಂದರೆ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಮೊದಲು ರೊಟ್ಟಿ ಬಿಡುತ್ತಾರೆ, ಆಮೇಲೆ ಅನ್ನವನ್ನು ಸಾರಿನಲ್ಲಿ ಕಲಸಿ ಕಲಸಿ ತಿನ್ನುತ್ತಾರೆ, ಆಮೇಲೆ ಗಂಜಿ. "ಹಲ್ಲಿಲ್ಲ, ಅದಕ್ಕೆ" ಅಂತ ಮನೆಯವರೂ ಸಮಾಧಾನ ಮಾಡಿಕೊಂಡಿರುತ್ತಾರೆ. ಇದು ಎರಡು ವಾರ ಕಂಡರೆ ಸಾಕು, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು.

ಮೂಲವ್ಯಾಧಿಯ ಮುಲಾಮು ಕೇಳುವವರು ನಾಚಿಕೆಯಿಂದ ಒಂದೇ ಉಸಿರಲ್ಲಿ ಕೇಳಿ ಹೋಗಿಬಿಡುತ್ತಾರೆ. ನಲವತ್ತು ದಾಟಿದವರು, ಮಲವಿಸರ್ಜನೆಯ ಕ್ರಮವೇ ಬದಲಾಗಿದೆ, ಕೆಲವು ದಿನ ಬೇಧಿ ಕೆಲವು ದಿನ ಮಲಬದ್ಧತೆ, ಜೊತೆಗೆ ರಕ್ತ, ಹೀಗಿದ್ದರೆ ಯಾರಾದರೂ ಒಬ್ಬ ಡಾಕ್ಟರ್ ಒಮ್ಮೆ ಪರೀಕ್ಷೆ ಮಾಡಿ ನೋಡಲೇಬೇಕು. ಹಾಗೆಯೇ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ರಕ್ತ ಕಡಿಮೆ ಅಂತ ಟಾನಿಕ್ ಹೋಗುತ್ತಲೇ ಇದ್ದರೆ, ಆ ರಕ್ತ ಎಲ್ಲಿ ಸೋರುತ್ತಿದೆ ಅಂತ ಯಾರಾದರೂ ಹುಡುಕಿದ್ದಾರಾ ಕೇಳಿ.

ಹೆಂಗಸರ ವಿಷಯದಲ್ಲಿ ಕಷ್ಟ ಏನು ಅಂದರೆ, ರೋಗಿ ಕೌಂಟರ್ ಮುಂದೆ ಇರುವುದೇ ಇಲ್ಲ. ಗಂಡ ಬರುತ್ತಾರೆ, ಮಗ ಬರುತ್ತಾನೆ. ಹಳೇ ಸ್ಟ್ರಿಪ್ ತೋರಿಸಿ "ಇದೇ ಕೊಡಿ, ಅಮ್ಮನಿಗೆ" ಅನ್ನುತ್ತಾನೆ. ನೋಡಿದರೆ ರಕ್ತಸ್ರಾವ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಅದನ್ನು ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ, ನಿಮಗೆ ಗೊತ್ತು. ಅಮ್ಮನ ವಯಸ್ಸು ಕೇಳಿ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದೇ ಒಂದು ಸಲ ರಕ್ತ ಕಂಡರೂ ಪರೀಕ್ಷೆ ಆಗಬೇಕು. ಮೂರನೇ ಸಲದವರೆಗೆ ಕಾಯುವ ಲೆಕ್ಕ ಇಲ್ಲಿ ಇಲ್ಲ. ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ವಾಸನೆ ಬರುವ ಬಿಳಿ ಸೆರಗು ಕಡಿಮೆ ಆಗದೆ ಮತ್ತೆ ಮತ್ತೆ ಮಾತ್ರೆ ಇಡುವುದು, ಇವು ಗರ್ಭಕೊರಳಿನ ಕ್ಯಾನ್ಸರ್ ಕಡೆಯಿಂದಲೂ ಬರಬಹುದು. ನಮ್ಮ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಅದೇ. ಸ್ತನದ ಗಂಟಿಗೆ ಯಾರೂ ಔಷಧಿ ಕೇಳಲು ಬರುವುದಿಲ್ಲ. ಆದರೆ ಒಂದೇ ಕಡೆಯ ಮೊಲೆತೊಟ್ಟಿನ ಸುತ್ತ ಕಜ್ಜಿಯಂತೆ ಆಗಿದೆ ಅಂತ ಕ್ರೀಮ್ ಒಯ್ಯುವವರು ಇರುತ್ತಾರೆ. ಎರಡು ಮೂರು ವಾರದಲ್ಲಿ ಮಾಯದಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಬೇಕು. ನಿಮ್ಮ ಅಂಗಡಿಯಲ್ಲಿ ಕೆಲಸಕ್ಕೆ ಹೆಣ್ಣುಮಗಳೊಬ್ಬರು ಇದ್ದರೆ ಈ ಮಾತುಗಳನ್ನು ಅವರಿಂದ ಆಡಿಸಿ. ಇಲ್ಲದಿದ್ದರೆ "ಅಮ್ಮನ ಹತ್ತಿರ ಆಶಾ ಕಾರ್ಯಕರ್ತೆ ಒಮ್ಮೆ ಬರಲಿ" ಅಂತ ಹೇಳಿ, ಊರಿನ ಆಶಾ ಕಾರ್ಯಕರ್ತೆಗೂ ಒಂದು ಮಾತು ತಲುಪಿಸಿ.

ಉಳಿದವು ಚುಟುಕಾಗಿ. ಕೆಮ್ಮು ಎರಡು ವಾರ ದಾಟಿದರೆ ಮೊದಲು ಕಫ ಪರೀಕ್ಷೆ, ನಮ್ಮ ದೇಶದಲ್ಲಿ ಟಿಬಿ ಇದೆಯಾ ಅಂತ ನೋಡುವುದೇ ಮೊದಲ ಕೆಲಸ, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಟಿಬಿ ಇಲ್ಲ ಅಂತ ಬಂದ ಮೇಲೂ ಕೆಮ್ಮು ನಿಲ್ಲದಿದ್ದರೆ ಅಲ್ಲಿಗೇ ಬಿಡಬಾರದು, ಎದೆಯ ಎಕ್ಸ್‌ರೇ ಮಾಡಿಸಬೇಕು. ದನಿ ಒಡೆದು ಮೂರು ವಾರ ಆದರೆ ಗಂಟಲು ನೋಡಿಸಬೇಕು. ನೋವಿಲ್ಲದೆ ಮೂತ್ರ ಕೆಂಪಾದರೆ "ಕಲ್ಲಿರಬೇಕು" ಅಂತ ಸಿರಪ್ ಕೊಟ್ಟು ಸುಮ್ಮನಾಗಬೇಡಿ.

ಈಗ ಹೇಳುವುದು ಹೇಗೆ. ನೀವು ಕೇಳಿದ್ದರಲ್ಲಿ ಇದೇ ಕಷ್ಟದ್ದು ಅಂತ ನನಗೆ ಅನ್ನಿಸುತ್ತದೆ. ನಾಲ್ಕು ಜನರ ಮುಂದೆ ಬೇಡ. ಅವರು ದುಡ್ಡು ಕೊಟ್ಟು ಹೊರಡುವ ಹೊತ್ತಿಗೂ ಬೇಡ, ಆಗ ಒಂದು ಕಾಲು ಆಟೋದಲ್ಲಿರುತ್ತದೆ. ಜನ ಕಡಿಮೆ ಇದ್ದಾಗ ಪಕ್ಕಕ್ಕೆ ಕರೆದು, ನಿಮ್ಮ ಮಾತಿನಲ್ಲೇ ಹೇಳಿ: "ಅಣ್ಣಾ, ಇದು ಐದನೇ ಟ್ಯೂಬು. ಉಷ್ಣದ ಹುಣ್ಣಾಗಿದ್ರ ಇಷ್ಟೊತ್ತಿಗೆ ಮಾಯಬೇಕಿತ್ತು. ಇದು ನನ್ನ ಜೆಲ್ಲಿಗೆ ಬಗ್ಗೂದಲ್ಲ. ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸ್ರಿ, ನಾ ಚೀಟಿ ಬರದ ಕೊಡ್ತೀನಿ." ಟ್ಯೂಬಿನ ಲೆಕ್ಕ ಹೇಳುವುದರಿಂದ ಅವರಿಗೂ ಎಷ್ಟು ದಿನ ಆಯಿತು ಅನ್ನುವುದು ಹೊಳೆಯುತ್ತದೆ. ನೀವು ಬೈದ ಹಾಗೂ ಆಗುವುದಿಲ್ಲ.

ಕ್ಯಾನ್ಸರ್ ಅನ್ನುವ ಮಾತನ್ನು ನೀವಾಗಿ ಎತ್ತಬೇಡಿ. ಆದರೆ ಅವರೇ "ಏನ್ರಿ, ಕ್ಯಾನ್ಸರ್ ಅಂತೀರೇನು?" ಅಂತ ಕೇಳಿದರೆ ಸುಳ್ಳು ಹೇಳಬೇಡಿ. "ಅದು ನನಗ ಗೊತ್ತಾಗಂಗಿಲ್ಲ, ಡಾಕ್ಟರಿಗೆ ಗೊತ್ತಾಗತೈತಿ. ಬಾಳ ಮಂದಿಗೆ ಏನೂ ಇರಂಗಿಲ್ಲ. ಆದ್ರ ತೋರಿಸದ ಬಿಡೂದಲ್ಲ." ಇದು ನಿಜವೂ ಹೌದು. ನೀವು ಕಳಿಸುವವರಲ್ಲಿ ಹೆಚ್ಚಿನವರಿಗೆ ಚೂಪಾದ ಹಲ್ಲು ತಾಗಿ ಆದ ಹುಣ್ಣು, ಸರಿಯಾಗಿ ಕೂರದ ಹಲ್ಲಿನ ಸೆಟ್, ಬಿ12 ಕೊರತೆ, ಇಂಥದ್ದೇ ಇರುತ್ತದೆ. ಹತ್ತು ಜನರನ್ನು ಕಳಿಸಿದೆ, ಒಬ್ಬರಿಗೂ ಕ್ಯಾನ್ಸರ್ ಇರಲಿಲ್ಲ ಅಂತ ಮುಜುಗರ ಪಡಬೇಡಿ. ಆ ಹತ್ತು ಜನರಿಗೂ ಸರಿಯಾದ ಚಿಕಿತ್ಸೆ ಸಿಕ್ಕಿತಲ್ಲ.

ಗುಟ್ಕಾ ಬಿಡಿ ಅನ್ನುವ ಬುದ್ಧಿಮಾತು ಅದೇ ದಿನ ಬೇಡ. ಎರಡನ್ನೂ ಒಟ್ಟಿಗೆ ಹೇಳಿದರೆ ಗುಟ್ಕಾ ಮಾತೊಂದೇ ಕಿವಿಗೆ ಬಿದ್ದು, ಡಾಕ್ಟರಿಗೆ ತೋರಿಸಿ ಅನ್ನುವುದು ಗಾಳಿಗೆ ಹೋಗುತ್ತದೆ. ಮೊದಲು ತೋರಿಸಲಿ. ಆಮೇಲೆ ಮನಸ್ಸು ಮಾಡಿದರೆ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-11-2356 ಇದೆ.

ಚೀಟಿ ಅಂದೆನಲ್ಲ, ದೊಡ್ಡದೇನಲ್ಲ. ಬಿಲ್ಲಿನ ಹಿಂದೆ ಬರೆದರೂ ಸಾಕು. "ಎಡ ಕೆನ್ನೆ ಒಳಗೆ ಹುಣ್ಣು, ಎರಡು ತಿಂಗಳು, ಅದೇ ಜಾಗ. ಗುಟ್ಕಾ ಅಭ್ಯಾಸ. ಜೆಲ್ ಐದು ಟ್ಯೂಬ್ ಆಗಿದೆ, ಗುಣ ಇಲ್ಲ. ದಯವಿಟ್ಟು ನೋಡಿ." ಕೆಳಗೆ ನಿಮ್ಮ ಹೆಸರು, ಅಂಗಡಿ ಸೀಲು. ನೂರು ಜನರ ಒಪಿಡಿಯಲ್ಲಿ ಕೂತ ಡಾಕ್ಟರಿಗೆ ಈ ನಾಲ್ಕು ಸಾಲು ಎಷ್ಟು ಉಪಕಾರ ಅಂತ ನನಗೆ ಗೊತ್ತು. ರೋಗಿ ಬಾಯಿಬಿಟ್ಟು ಹೇಳುವುದು "ಉಷ್ಣ ಆಗೇತ್ರಿ" ಅಂತಲೇ. ನನ್ನ ಹತ್ತಿರ ಒಮ್ಮೆ ಹೀಗೆ ಮೆಡಿಕಲ್ ಶಾಪಿನ ಚೀಟಿ ಹಿಡಿದು ಒಬ್ಬ ಟೈಲರ್ ಬಂದಿದ್ದರು. ನಾಲಿಗೆ ಪಕ್ಕದಲ್ಲಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಗಾಯ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂತು, ಆದರೆ ಮೊದಲ ಹಂತ. ಆಪರೇಷನ್ ಒಂದರಲ್ಲೇ ಮುಗಿಯಿತು, ರೇಡಿಯೇಷನ್ ಬೇಕಾಗಲಿಲ್ಲ. ಈಗ ತಪಾಸಣೆಗೆ ಬಂದಾಗ ಮಾತು ಸ್ಪಷ್ಟವಾಗಿದೆ, ರೊಟ್ಟಿ ತಿನ್ನುತ್ತಾರೆ. ಗಿರಣಿಯವರಿಗೂ ಇವರಿಗೂ ಇದ್ದ ವ್ಯತ್ಯಾಸ ಕೆಲವು ಟ್ಯೂಬ್, ಅಷ್ಟೇ.

ಡಾಕ್ಟರ್ ಹತ್ತಿರ ಹೋಗದಿರಲು ಅವರಿಗೆ ಅವರದೇ ಕಾರಣಗಳು ಇರುತ್ತವೆ, ಅವನ್ನು ಮೊದಲೇ ಯೋಚಿಸಿಡಿ. ದಿನದ ದುಡಿಮೆ ಹೋಗುತ್ತದೆ ಅನ್ನುವುದು ದೊಡ್ಡದು. ಬೆಳಿಗ್ಗೆ ಶಾಲೆ ಮಕ್ಕಳ ಟ್ರಿಪ್ ಮುಗಿದ ಮೇಲೆ ಹೋದರೆ ಒಪಿಡಿ ಹೊತ್ತಿಗೆ ಸರಿಹೋಗುತ್ತದೆ. ಹಲ್ಲಿನ ಡಾಕ್ಟರ್ ಯಾವ ದಿನ ಇರುತ್ತಾರೆ ಅಂತ ನೀವೇ ಫೋನ್ ಮಾಡಿ ಕೇಳಿಟ್ಟುಕೊಂಡರೆ ಅವರು ಒಮ್ಮೆ ಹೋಗಿ ಬರಿಗೈಯಲ್ಲಿ ಬರುವುದು ತಪ್ಪುತ್ತದೆ. ಹಾಗೆ ಬಂದವರು ಎರಡನೇ ಸಲ ಹೋಗುವುದಿಲ್ಲ. ಖರ್ಚಿನ ಹೆದರಿಕೆ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಹೇಳಿ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಖರ್ಚಿನಲ್ಲಿ ಒಂದು ಪಾಲು. ಸಂದೇಹ ಇದ್ದರೆ 104ಕ್ಕೆ ಫೋನ್ ಮಾಡಬಹುದು. ಇನ್ನು 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕೆಲಸದಲ್ಲೇ ಸೇರಿದೆ, ಅದಕ್ಕೆ ದುಡ್ಡಿಲ್ಲ.

"ಚುಚ್ಚಿ ತುಣುಕು ತೆಗೆದರೆ ಹರಡುತ್ತದಂತೆ" ಅನ್ನುವ ಮಾತು ಖಂಡಿತ ಬರುತ್ತದೆ. ಬಾಯಿ ಹುಣ್ಣಿನಿಂದ ಕಾಳಿನಷ್ಟು ತುಣುಕು ತೆಗೆಯುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ತಡ ಮಾಡುವುದರಿಂದ ಹರಡುತ್ತದೆ. ತಾಲ್ಲೂಕಿನಲ್ಲಿ ಅನುಮಾನ ಅಂತ ಬಂದರೆ ನಿಮಗೆ ಹತ್ತಿರದ್ದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಬಾಯಿ ಕ್ಯಾನ್ಸರ್ ಶುರುವಿನಲ್ಲೇ ಸಿಕ್ಕರೆ ಹತ್ತರಲ್ಲಿ ಏಳೆಂಟು ಜನ ಐದು ವರ್ಷ ದಾಟುತ್ತಾರೆ. ಇದನ್ನೂ ಅವರಿಗೆ ಹೇಳಿ. ಕ್ಯಾನ್ಸರ್ ಅಂದರೆ ಮುಗಿಯಿತು ಅಂತ ತಿಳಿದೇ ಎಷ್ಟೋ ಜನ ತೋರಿಸಲು ಹೋಗುವುದಿಲ್ಲ.

ಪಕ್ಕದ ಅಂಗಡಿಗೆ ಹೋಗಿಬಿಟ್ಟರೆ? ಹೋಗಬಹುದು. ಆರನೇ ಟ್ಯೂಬ್ ಕೊಡಬೇಡಿ ಅಂತಲೇ ನಾನು ಹೇಳುವುದು, ಅದರಲ್ಲೂ ಸ್ಟೀರಾಯ್ಡ್ ಪೇಸ್ಟ್ ಬೇಡವೇ ಬೇಡ. ಅವರು ಪಕ್ಕದಲ್ಲಿ ಕೊಂಡರೂ ನಿಮ್ಮ ಮಾತು ಅವರ ತಲೆಯಲ್ಲಿ ಉಳಿದಿರುತ್ತದೆ. ಇದಕ್ಕೆ ನಿಜವಾದ ದಾರಿ ಅಂದರೆ ನಿಮ್ಮ ತಾಲ್ಲೂಕಿನ ಔಷಧಿ ವ್ಯಾಪಾರಿಗಳ ಸಂಘದಲ್ಲಿ ಈ ವಿಷಯ ಎತ್ತುವುದು. ಎಲ್ಲಾ ಅಂಗಡಿಯವರೂ ಮೂರನೇ ಟ್ಯೂಬಿಗೆ ಒಂದೇ ಮಾತು ಹೇಳಿದರೆ ಯಾರ ಗಿರಾಕಿಯೂ ಯಾರ ಕಡೆಗೂ ಹೋಗುವುದಿಲ್ಲ. ಊರಿನ ಹಲ್ಲಿನ ಡಾಕ್ಟರನ್ನೇ ಕರೆಸಿ, ಒಂದು ಭಾನುವಾರ ಬಾಯಿ ನೋಡುವುದು ಹೇಗೆ ಅಂತ ಕೇಳಿಕೊಳ್ಳಿ.

ನಿಮ್ಮ ಅಂಗಡಿಗೆ ಒಂದು ನೋಟ್‌ಬುಕ್ ಇಡಿ. ಹೆಸರು, ಫೋನ್ ನಂಬರ್, ಏನು ಕೊಟ್ಟಿರಿ, ಎಷ್ಟನೇ ಸಲ, ಎಲ್ಲಿಗೆ ಕಳಿಸಿದಿರಿ. ಅದನ್ನು ಬೇರೆಯವರ ಕೈಗೆ ಸಿಗದ ಹಾಗೆ ಒಳಗಿಡಿ. ಕಳಿಸಿ ಹದಿನೈದು ದಿನಕ್ಕೆ ಫೋನ್ ಮಾಡಿ "ಹೋಗಿ ಬಂದ್ರಾ?" ಅಂತ ಕೇಳಿ. ಮೊದಲ ಸಲ ಹೇಳಿದಾಗ ಹೂಂ ಅಂದು ಮರೆಯುವವರು, ಈ ಫೋನ್ ಬಂದ ಮೇಲೆ ಹೋಗುತ್ತಾರೆ.

ನಿಮ್ಮ ಆಟೋ ಡ್ರೈವರಿಗೆ ಹದಿನೈದು ದಿನ ಬೇಡ. ಸ್ಟ್ಯಾಂಡ್ ಹತ್ತಿರದಲ್ಲೇ ಇದೆಯಲ್ಲ, ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ನೀವೇ ಅಲ್ಲಿಗೆ ಹೋಗಿ. ಮೂರು ಬೆರಳು ಹೋಗುತ್ತದಾ ನೋಡಿ, ಚೀಟಿ ಕೈಗೆ ಕೊಡಿ. ಹಲ್ಲಿನ ಡಾಕ್ಟರ್ ಏನಂದರು ಅಂತ ನನಗೂ ಬರೆಯಿರಿ.